ಊರ ನಡುವಿನ ಹೆದ್ದಾರಿ ತೆಗೆದರೆ ಏನಾಗುತ್ತದೆ? ಬಿ.ಎಚ್. ರಸ್ತೆಗೂ ಇದೇ ಪ್ರಶ್ನೆ

ಕೋಟಿಗಟ್ಟಲೆ ಖರ್ಚು ಮಾಡಿ ಕಟ್ಟಿದ ಹೆದ್ದಾರಿಯನ್ನು ಮತ್ತೆ ಖರ್ಚು ಮಾಡಿ ಒಡೆದು ಹಾಕುತ್ತಾರೆ ಅಂದರೆ ಮೊದಲಿಗೆ ನಂಬಿಕೆ ಬರುವುದಿಲ್ಲ. ಆದರೆ ಕಳೆದ ಐವತ್ತು ವರ್ಷಗಳಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್, ಸ್ಯಾನ್ ಫ್ರಾನ್ಸಿಸ್ಕೊ, ಮಿಲ್ವಾಕಿ, ರಾಚೆಸ್ಟರ್, ಕೊರಿಯಾದ ಸಿಯೋಲ್ ಹೀಗೆ ಹಲವು ಊರುಗಳು ಅದನ್ನೇ ಮಾಡಿವೆ. ಹೆದ್ದಾರಿ ಇದ್ದ ಜಾಗದಲ್ಲಿ ಈಗ ಮನೆಗಳಿವೆ, ಅಂಗಡಿಗಳಿವೆ, ಪಾರ್ಕುಗಳಿವೆ. ಕೆಲವು ಕಡೆ ಮುಚ್ಚಿಹೋಗಿದ್ದ ಹೊಳೆಯೇ ಮತ್ತೆ ಹರಿಯುತ್ತಿದೆ.

ಇದಕ್ಕೂ ಶಿವಮೊಗ್ಗಕ್ಕೂ ಏನು ಸಂಬಂಧ ಅಂತ ಕೇಳಬಹುದು. ನಮ್ಮ ಪೇಟೆ ನಡುವೆ ಕಂಬಗಳ ಮೇಲೆ ನಿಂತ ಎಂಟು ಪಥದ ರಸ್ತೆ ಇಲ್ಲ, ನಿಜ. ಆದರೆ ಬಿ.ಎಚ್. ರಸ್ತೆ ಇದೆ. ಬೆಂಗಳೂರಿನಿಂದ ಹೊನ್ನಾವರಕ್ಕೆ ಹೋಗುವ ಈ ದಾರಿ ಭದ್ರಾವತಿ ಪೇಟೆಯನ್ನು ಹಾದು, ಇಲ್ಲಿ ತುಂಗಾ ಹೊಳೆ ದಾಟಿ, ಅಮೀರ್ ಅಹಮದ್ ಸರ್ಕಲ್ಲು, ಬಸ್ ಸ್ಟ್ಯಾಂಡ್ ಹತ್ತಿರದ ಅಶೋಕ ಸರ್ಕಲ್ಲು ಎಲ್ಲ ಮುಟ್ಟಿಕೊಂಡು ಸಾಗರದ ಕಡೆ ತಿರುಗುತ್ತದೆ. ಹೊನ್ನಾವರದ ಲಾರಿಗೂ ಅದೇ ರಸ್ತೆ, ಶಾಲೆಗೆ ಹೋಗುವ ಮಗುವಿಗೂ ಅದೇ ರಸ್ತೆ. ಹಳ್ಳಿಯಿಂದ ಮೆಗ್ಗಾನ್ ಆಸ್ಪತ್ರೆಗೆ ಬರುವ ರೋಗಿಗೂ ಬೇರೆ ದಾರಿ ಇಲ್ಲ.

ತುಮಕೂರು–ಶಿವಮೊಗ್ಗ ಹೆದ್ದಾರಿಯನ್ನು ನಾಲ್ಕು ಪಥ ಮಾಡುವ ಕೆಲಸದಲ್ಲಿ ಊರುಗಳ ಹೊರಗೆ ಬೈಪಾಸ್‌ಗಳು ಬಂದಿವೆ. ಹೀಗೆ ದೂರದ ವಾಹನಗಳು ಊರ ಹೊರಗೆ ಹೋದ ಮೇಲೆ, ಒಳಗೆ ಉಳಿಯುವ ಹಳೆಯ ಹೆದ್ದಾರಿಗೆ ಏನು ಕೆಲಸ? ಮಲೆನಾಡಿನ ಊರುಗಳಲ್ಲಿ ಹೆದ್ದಾರಿ ತೆಗೆಯೋದು ಅಂದರೆ ಇದೇ. ಇಲ್ಲಿ ಸುತ್ತಿಗೆ ಬೇಕಿಲ್ಲ. ಹೆದ್ದಾರಿ ತಾನಾಗಿಯೇ ಊರು ಬಿಟ್ಟು ಹೋಗುತ್ತದೆ, ಅದು ಬಿಟ್ಟುಹೋದ ಜಾಗ ನಮ್ಮ ಕೈಗೆ ಬರುತ್ತದೆ. ಆ ಜಾಗವನ್ನು ಏನು ಮಾಡಬೇಕು ಅಂತ ಮೊದಲೇ ತೀರ್ಮಾನ ಮಾಡಿಕೊಳ್ಳದ ಊರು ಅದನ್ನು ಕಳೆದುಕೊಳ್ಳುತ್ತದೆ. ನಾನು ಇಲ್ಲಿ ಹೇಳಬೇಕಾದ್ದು ಮುಖ್ಯವಾಗಿ ಇಷ್ಟೇ. ಯಾಕೆ ಅಂತ ವಿವರಿಸುತ್ತೇನೆ.

ಎರಡು ಕೆಲಸ, ಒಂದೇ ರಸ್ತೆ

ರಸ್ತೆಗೆ ಎರಡು ಬೇರೆ ಬೇರೆ ಕೆಲಸಗಳಿವೆ. ಒಂದು, ವಾಹನವನ್ನು ಬೇಗ ದಾಟಿಸುವುದು. ಇನ್ನೊಂದು, ಅಕ್ಕಪಕ್ಕದ ಮನೆ, ಅಂಗಡಿ, ಆಸ್ಪತ್ರೆಗೆ ದಾರಿ ಕೊಡುವುದು. ಮೊದಲ ಕೆಲಸಕ್ಕೆ ಸರ್ಕಲ್ಲು, ಸಿಗ್ನಲ್ಲು, ತಿರುವು ಎಲ್ಲ ಕಡಿಮೆ ಇರಬೇಕು. ಎರಡನೆಯದಕ್ಕೆ ಅವೆಲ್ಲ ಜಾಸ್ತಿ ಇರಬೇಕು. ಜನ ನಿಲ್ಲಬೇಕು, ರಸ್ತೆ ದಾಟಬೇಕು, ಗಾಡಿ ನಿಲ್ಲಿಸಿ ಸಾಮಾನು ಇಳಿಸಬೇಕು. ಒಂದೇ ರಸ್ತೆಗೆ ಎರಡೂ ಕೆಲಸ ವಹಿಸಿದರೆ ಎರಡೂ ಕೆಡುತ್ತವೆ. ಲಾರಿಯವನಿಗೆ ಪೇಟೆ ಅಡ್ಡಿ, ಪೇಟೆಯವನಿಗೆ ಲಾರಿ ಅಪಾಯ.

ಓಡಾಡುವ ವಾಹನಗಳಲ್ಲೂ ಮೂರು ಬಗೆ. ಊರನ್ನು ಸುಮ್ನೆ ದಾಟಿ ಹೋಗುವವು, ಹೊರಗಿನಿಂದ ಊರಿಗೇ ಬರುವವು, ಊರೊಳಗೇ ಓಡಾಡುವವು. ಬೈಪಾಸ್ ತೆಗೆದುಕೊಂಡು ಹೋಗುವುದು ಮೊದಲ ಬಗೆಯನ್ನು ಮಾತ್ರ. ಶಿವಮೊಗ್ಗ ಜಿಲ್ಲಾ ಕೇಂದ್ರ. ಇಲ್ಲಿಗೆ ಬರುವ ಬಹಳಷ್ಟು ಜನರಿಗೆ ಇಲ್ಲೇ ಕೆಲಸ: ಕೋರ್ಟು, ಕಾಲೇಜು, ಆಸ್ಪತ್ರೆ, ಅಡಿಕೆ ಮಂಡಿ, ಗಾಂಧಿ ಬಜಾರ್. ಹಾಗಾಗಿ ಬೈಪಾಸ್ ಬಂದ ಮಾರನೇ ದಿನ ಅಶೋಕ ಸರ್ಕಲ್ಲು ಖಾಲಿಯಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ದೊಡ್ಡ ಲಾರಿ, ಟ್ಯಾಂಕರ್ ಕಡಿಮೆಯಾಗುತ್ತವೆ. ಅದೇ ದೊಡ್ಡ ಲಾಭ. ಯಾಕೆಂದರೆ ರಸ್ತೆಯನ್ನು ಅಷ್ಟು ಅಗಲ ಮಾಡಿದ್ದು, ತಿರುವುಗಳನ್ನು ಅಷ್ಟು ದೊಡ್ಡದು ಮಾಡಿದ್ದು ಅಂಥ ವಾಹನಗಳಿಗಾಗಿ.

ಈಗ ಜಾಗದ ಲೆಕ್ಕ. 30 ಮೀಟರ್ ಅಗಲದ ರಸ್ತೆ ಒಂದು ಕಿಲೋಮೀಟರ್ ಇದ್ದರೆ ಅದು 3 ಹೆಕ್ಟೇರ್, ಅಂದರೆ ಸುಮಾರು ಏಳೂವರೆ ಎಕರೆ. ಪೇಟೆಯ ಎದೆಯಲ್ಲಿ ಏಳೂವರೆ ಎಕರೆ! ಆ ನೆಲದಿಂದ ಪಾಲಿಕೆಗೆ ಕಂದಾಯ ಬರುವುದಿಲ್ಲ, ಅಲ್ಲಿ ಯಾರೂ ವ್ಯಾಪಾರ ಮಾಡುವುದಿಲ್ಲ, ನೆರಳೂ ಇಲ್ಲ. ಹೆದ್ದಾರಿಯಾಗಿ ಅದು ಬೇಕಿದ್ದಾಗ ಸರಿ. ಬೇಡವಾದ ಮೇಲೂ ಅದೇ ಅಗಲ ಯಾಕೆ? ಪಶ್ಚಿಮದ ಊರುಗಳು ಹೆದ್ದಾರಿ ಒಡೆಯಲು ಹೊರಟಿದ್ದಕ್ಕೆ ಹಿಂದಿದ್ದ ದೊಡ್ಡ ಕಾರಣ ಈ ಲೆಕ್ಕವೇ. ಇನ್ನೊಂದು ಕಾರಣ, ಆ ಹೆದ್ದಾರಿಗಳು ಮುದಿಯಾಗಿದ್ದವು. ಕಾಂಕ್ರೀಟ್ ಶಿಥಿಲವಾಗಿತ್ತು. ಮತ್ತೆ ಕಟ್ಟುವ ಖರ್ಚಿಗೆ ಹೋಲಿಸಿದರೆ ತೆಗೆಯುವ ಖರ್ಚೇ ಎಷ್ಟೋ ಕಡೆ ಕಡಿಮೆ ಇತ್ತು.

ತೆಗೆದವರ ಅನುಭವ

ಪೋರ್ಟ್‌ಲ್ಯಾಂಡ್‌ನಿಂದ ಶುರು ಮಾಡುತ್ತೇನೆ, ಅದೂ ಹೊಳೆ ದಂಡೆಯ ಊರು. ವಿಲಾಮೆಟ್ ಹೊಳೆಗೂ ಪೇಟೆಗೂ ನಡುವೆ ಹಾರ್ಬರ್ ಡ್ರೈವ್ ಎಂಬ ಹೆದ್ದಾರಿ ಇತ್ತು. ಪೇಟೆಯವರಿಗೆ ಹೊಳೆ ಕಾಣುತ್ತಿತ್ತು, ಸಿಗುತ್ತಿರಲಿಲ್ಲ. 1973ರಲ್ಲಿ ಫ್ರೀಮಾಂಟ್ ಸೇತುವೆ ತೆರೆಯಿತು, ಪೇಟೆಯನ್ನು ಬಳಸಿ ಹೋಗುವ ವರ್ತುಲ ಪೂರ್ತಿಯಾಯಿತು. ಮರುವರ್ಷವೇ, 1974ರಲ್ಲಿ, ಹಾರ್ಬರ್ ಡ್ರೈವನ್ನು ಮುಚ್ಚಿದರು. ಈಗ ಅಲ್ಲಿ ಆಗಿನ ರಾಜ್ಯಪಾಲ ಟಾಮ್ ಮೆಕಾಲ್ ಹೆಸರಿನ ಉದ್ಯಾನ ಇದೆ. ಇಲ್ಲಿ ಗಮನಿಸಬೇಕಾದ್ದು ಕ್ರಮವನ್ನು. ಮೊದಲು ಬೇರೆ ದಾರಿ, ಬೇರೆ ಸೇತುವೆ. ಆಮೇಲೆ ಮುಚ್ಚಿದ್ದು.

ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕೆಲಸ ಅಷ್ಟು ಸಲೀಸಾಗಲಿಲ್ಲ. ಸಮುದ್ರ ದಂಡೆಯ ಎಂಬಾರ್ಕಡೆರೊ ಮೇಲ್ರಸ್ತೆ ಎರಡು ಅಂತಸ್ತಿನದು. 1898ರಲ್ಲಿ ಕಟ್ಟಿದ ಚೆಂದದ ಫೆರಿ ಬಿಲ್ಡಿಂಗನ್ನು ಅದು ಪೇಟೆಯ ಕಣ್ಣಿನಿಂದ ಮರೆ ಮಾಡಿತ್ತು. ಅದನ್ನು ತೆಗೆಯೋಣವೇ ಅಂತ 1986ರಲ್ಲಿ ಜನರನ್ನು ಕೇಳಿದಾಗ ಬೇಡ ಅಂದರು. 1989ರ ಅಕ್ಟೋಬರ್‌ನಲ್ಲಿ ಭೂಕಂಪವಾಗಿ ರಸ್ತೆ ಬಿರುಕು ಬಿಟ್ಟು ಮುಚ್ಚಿತು. ಆಗಲೂ ಚೈನಾಟೌನ್ ವ್ಯಾಪಾರಿಗಳು ರಿಪೇರಿ ಮಾಡಿ ಅಂತಲೇ ಪಟ್ಟು ಹಿಡಿದರು. ಗಿರಾಕಿ ಬರುವ ದಾರಿಯೇ ಹೋಗುತ್ತದೆ ಅನ್ನುವ ಅವರ ಭಯ ಸುಳ್ಳಲ್ಲ. ಒಡೆಯಬೇಕು ಅಂದ ಮೇಯರ್ ಆರ್ಟ್ ಆಗ್ನೋಸ್ 1991ರ ಚುನಾವಣೆಯಲ್ಲಿ ಸೋತರು. ಅದೇ ವರ್ಷ ಒಡೆಯುವ ಕೆಲಸ ಶುರುವಾಯಿತು. ಇವತ್ತು ಅಲ್ಲಿ ಟ್ರಾಮ್ ಓಡುವ, ಮರಗಳಿರುವ ಅಗಲದ ಬೀದಿ ಇದೆ. ಫೆರಿ ಬಿಲ್ಡಿಂಗ್ 2003ರಲ್ಲಿ ಮಾರುಕಟ್ಟೆಯಾಗಿ ಮತ್ತೆ ತೆರೆಯಿತು.

ಸಿಯೋಲ್‌ನ ಚಂಗ್ಯೆಚನ್ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಆದರೆ ಅರ್ಧ ಮಾತ್ರ ಹೇಳುತ್ತಾರೆ. ಹೇಳುವ ಅರ್ಧ ಹೀಗಿದೆ. ಪೇಟೆ ನಡುವಿನ ತೊರೆಯೊಂದನ್ನು 1950ರ ದಶಕದಿಂದ ಮುಚ್ಚುತ್ತಾ ಬಂದು, ಅದರ ಮೇಲೆ ಮೇಲ್ರಸ್ತೆ ಕಟ್ಟಿದ್ದರು. 2003ರಲ್ಲಿ ಮೇಯರ್ ಲೀ ಮ್ಯುಂಗ್ ಬಕ್ ಅದನ್ನು ಒಡೆಯಲು ಶುರು ಮಾಡಿಸಿದರು, 2005ರಲ್ಲಿ ಸುಮಾರು 5.8 ಕಿಲೋಮೀಟರ್ ಉದ್ದದ ತೊರೆ ತೆರೆಯಿತು. ಬೇಸಿಗೆಯಲ್ಲಿ ತೊರೆಯ ಪಕ್ಕದ ಗಾಳಿ ಹತ್ತಿರದ ರಸ್ತೆಗಳಿಗೆ ಹೋಲಿಸಿದರೆ ಮೂರು ಡಿಗ್ರಿಗೂ ಹೆಚ್ಚು ತಂಪು ಅಂತ ಅಳೆದಿದ್ದಾರೆ. ಲೀ ಮುಂದೆ ದೇಶದ ಅಧ್ಯಕ್ಷರೂ ಆದರು.

ಹೇಳದ ಅರ್ಧ ನಮಗೆ ಇನ್ನೂ ಮುಖ್ಯ. ಒಡೆಯುವ ಕೆಲಸ ನಡೆಯುತ್ತಿರುವಾಗಲೇ, 2004ರ ಜುಲೈಯಲ್ಲಿ, ಸಿಯೋಲ್ ತನ್ನ ಇಡೀ ಬಸ್ ವ್ಯವಸ್ಥೆಯನ್ನು ಬದಲಿಸಿತು. ರಸ್ತೆ ನಡುವೆ ಬಸ್ಸಿಗೇ ಮೀಸಲಾದ ಪಥ ಬಂತು, ಬಸ್ಸಿಗೂ ಮೆಟ್ರೋಗೂ ಒಂದೇ ಟಿಕೆಟ್ ಲೆಕ್ಕ ಬಂತು. ಅದಿಲ್ಲದೆ ಮೇಲ್ರಸ್ತೆ ತೆಗೆದಿದ್ದರೆ ಊರು ಒದ್ದಾಡುತ್ತಿತ್ತು. ತೊರೆಯಲ್ಲಿ ಹರಿಯುವ ನೀರು ಬಹುಪಾಲು ಹಾನ್ ಹೊಳೆಯಿಂದ ಪಂಪ್ ಮಾಡಿದ್ದು, ಅದಕ್ಕೆ ದಿನವೂ ಖರ್ಚು ಇದೆ. ಇನ್ನು ರಸ್ತೆ ಕೆಳಗೆ, ಅಕ್ಕಪಕ್ಕ ವ್ಯಾಪಾರ ಮಾಡುತ್ತಿದ್ದ ಬೀದಿ ವ್ಯಾಪಾರಿಗಳು? ಅವರನ್ನು ದೊಂಗ್‌ದೇಮುನ್ ಕ್ರೀಡಾಂಗಣಕ್ಕೆ ಕಳಿಸಿದರು. ಕೆಲವೇ ವರ್ಷಗಳಲ್ಲಿ ಆ ಕ್ರೀಡಾಂಗಣವನ್ನೂ ಕೆಡವಿದರು, ಅವರು ಮತ್ತೆ ಗಂಟುಮೂಟೆ ಕಟ್ಟಬೇಕಾಯಿತು. ತೊರೆಯ ಫೋಟೋ ನೋಡುವಾಗ ನನಗೆ ಈ ಜನರ ನೆನಪೇ ಮೊದಲು ಬರುತ್ತದೆ.

ಮಿಲ್ವಾಕಿಯದು ನೆಲದ ಕಥೆ. ಪಾರ್ಕ್ ಈಸ್ಟ್ ಹೆದ್ದಾರಿಯನ್ನು 2002–03ರಲ್ಲಿ ಮೇಯರ್ ಜಾನ್ ನಾರ್ಕ್ವಿಸ್ಟ್ ಕಾಲದಲ್ಲಿ ಕೆಡವಿದರು. ಪೇಟೆಗೆ ಅಂಟಿಕೊಂಡಂತೆ ಇಪ್ಪತ್ತಕ್ಕೂ ಹೆಚ್ಚು ಎಕರೆ ನೆಲ ಸಿಕ್ಕಿತು. ಕಟ್ಟಡಗಳು ಸಾಲುಗಟ್ಟಿ ಬರುತ್ತವೆ ಅಂದುಕೊಂಡರು. ಬರಲಿಲ್ಲ. 2008ರ ಆರ್ಥಿಕ ಕುಸಿತ ಬಂತು, ಬಹಳಷ್ಟು ಜಾಗ ವರ್ಷಗಟ್ಟಲೆ ಹುಲ್ಲು ಬೆಳೆದುಕೊಂಡು ಬಿದ್ದಿತ್ತು. 2018ರಲ್ಲಿ ಅಲ್ಲಿ ದೊಡ್ಡ ಬ್ಯಾಸ್ಕೆಟ್‌ಬಾಲ್ ಕ್ರೀಡಾಂಗಣ ತೆರೆದ ಮೇಲೆ ಆ ಕಡೆ ಚಟುವಟಿಕೆ ಹೆಚ್ಚಿತು. ಹೆದ್ದಾರಿ ತೆಗೆದ ತಕ್ಷಣ ಪೇಟೆ ಚಿಗುರುತ್ತದೆ ಅನ್ನುವವರು ಈ ಹದಿನೈದು ವರ್ಷಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಬಾಸ್ಟನ್ ತನ್ನ ಹೆದ್ದಾರಿಯನ್ನು ನೆಲದೊಳಗೆ ಇಳಿಸಿತು. ಸುಮಾರು 15 ಶತಕೋಟಿ ಡಾಲರ್ ಖರ್ಚಾಯಿತು. ಆ ದಾರಿ ನಮಗೆ ಬೇಡ, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಅಷ್ಟೂ ವಾಹನ ಎಲ್ಲಿಗೆ ಹೋದವು?

ಎಲ್ಲರೂ ಕೇಳುವ ಪ್ರಶ್ನೆ ಇದು. ರಸ್ತೆ ಮುಚ್ಚಿದರೆ ಅದರ ಟ್ರಾಫಿಕ್ ಪಕ್ಕದ ರಸ್ತೆಗೆ ನುಗ್ಗಿ ಊರೇ ಜಾಮ್ ಆಗುತ್ತದೆ, ಅಲ್ವಾ? ಸ್ವಲ್ಪ ನಿಜ, ಪೂರ್ತಿ ನಿಜವಲ್ಲ. ಬ್ರಿಟನ್ನಿನ ಸಂಶೋಧಕರು 11 ದೇಶಗಳಲ್ಲಿ ರಸ್ತೆಯ ಜಾಗ ಕಡಿಮೆ ಮಾಡಿದ 70 ಉದಾಹರಣೆಗಳನ್ನು ಕೂಡಿಸಿ 2002ರಲ್ಲಿ ವರದಿ ಮಾಡಿದರು. ಅವುಗಳಲ್ಲಿ ಅರ್ಧದಷ್ಟು ಕಡೆ, ಪಕ್ಕದ ರಸ್ತೆಗಳನ್ನೂ ಸೇರಿಸಿ ಲೆಕ್ಕ ಹಾಕಿದರೆ, ವಾಹನಗಳು ನೂರಕ್ಕೆ 11ಕ್ಕಿಂತ ಜಾಸ್ತಿ ಕಡಿಮೆಯಾಗಿದ್ದವು. ಅವು ಬೇರೆ ಕಡೆಗೆ ಹೋಗಿರಲಿಲ್ಲ, ಒಟ್ಟಾರೆ ಓಡಾಟವೇ ಇಳಿದಿತ್ತು.

ಹೇಗೆ ಸಾಧ್ಯ? ಮನುಷ್ಯರು ಲೆಕ್ಕ ಬದಲಿಸುತ್ತಾರೆ. ಒಬ್ಬರು ಅರ್ಧ ಗಂಟೆ ಮುಂಚೆ ಹೊರಡುತ್ತಾರೆ. ಇನ್ನೊಬ್ಬರು ಎರಡು ಸಲ ಪೇಟೆಗೆ ಬರುವ ಬದಲು ಒಂದೇ ಸಲ ಬಂದು ಬ್ಯಾಂಕು, ಔಷಧಿ ಅಂಗಡಿ ಎರಡೂ ಮುಗಿಸುತ್ತಾರೆ. ಮತ್ತೊಬ್ಬರು ಬಸ್ಸು ಹಿಡಿಯುತ್ತಾರೆ. ಹತ್ತಿರದ ಅಂಗಡಿಗೆ ಕೆಲವರು ನಡೆದೇ ಹೋಗುತ್ತಾರೆ. ಒಬ್ಬೊಬ್ಬರದ್ದೂ ಸಣ್ಣ ಬದಲಾವಣೆ, ಎಲ್ಲ ಸೇರಿದರೆ ದೊಡ್ಡದು.

ಇದನ್ನು ಶಿವಮೊಗ್ಗದವರಿಗೆ ಸಿಯೋಲ್ ತೋರಿಸಿ ನಂಬಿಸಬೇಕಿಲ್ಲ. ಎರಡು ವರ್ಷಕ್ಕೊಮ್ಮೆ ಕೋಟೆ ಮಾರಿಕಾಂಬಾ ಜಾತ್ರೆ ಬಂದಾಗ ಗಾಂಧಿ ಬಜಾರಿನಲ್ಲಿ ಜನ ಬಿಟ್ಟರೆ ಬೇರೇನೂ ಇರುವುದಿಲ್ಲ. ವಾಹನ ಬೇರೆ ದಾರಿಯಲ್ಲಿ ಹೋಗುತ್ತದೆ, ಎಷ್ಟೋ ಮಂದಿ ಗಾಡಿಯನ್ನೇ ತೆಗೆಯುವುದಿಲ್ಲ. ಊರು ನಿಂತುಹೋಗುವುದಿಲ್ಲ. ವ್ಯಾಪಾರ ಜೋರಾಗಿಯೇ ನಡೆಯುತ್ತದೆ. ಜಾತ್ರೆ ಕೆಲವು ದಿನದ್ದು, ಹೌದು. ಜನ ಹೊಂದಿಕೊಳ್ಳಬಲ್ಲರು ಅನ್ನುವುದಕ್ಕೆ ಅಷ್ಟು ಸಾಕು. ವರ್ಷವಿಡೀ ಹೊಂದಿಕೊಳ್ಳಬೇಕಾದರೆ ಬಸ್ಸು ಚೆನ್ನಾಗಿರಬೇಕು, ಫುಟ್‌ಪಾತ್ ಇರಬೇಕು.

ಇದರ ಉಲ್ಟಾ ಕೂಡ ನಿಜ. ರಸ್ತೆ ಅಗಲ ಮಾಡಿದರೆ, ಮೊದಲು ಹೊರಡದಿದ್ದವರೂ ಗಾಡಿ ತೆಗೆಯುತ್ತಾರೆ. ಕೆಲವೇ ವರ್ಷಗಳಲ್ಲಿ ಅದೂ ತುಂಬುತ್ತದೆ. ಹಾಗಾಗಿ, ಪೇಟೆಯೊಳಗೆ ಜಾಮ್ ಆದಾಗಲೆಲ್ಲ ಒಂದು ಫ್ಲೈಓವರ್ ಹಾಕಿಬಿಡಿ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ವಿದ್ಯಾನಗರದ ವೃತ್ತಾಕಾರದ ಮೇಲ್ಸೇತುವೆಯ ವಿಷಯ ಬೇರೆ, ಅದು ರೈಲ್ವೆ ಗೇಟ್ ದಾಟಲು ಕಟ್ಟಿದ್ದು. ರೈಲು ಹಳಿ ಅಡ್ಡ ಇರುವಲ್ಲಿ ಸೇತುವೆ ಬೇಕೇ ಬೇಕು. ಆದರೆ ಅಂಗಡಿ ಸಾಲಿನ ಮೇಲೆ ಕಂಬ ನೆಟ್ಟು ರಸ್ತೆ ಎತ್ತಿದರೆ, ಬೇರೆ ಊರುಗಳು ಇವತ್ತು ಹಣ ಕೊಟ್ಟು ಕೆಡವುತ್ತಿರುವುದನ್ನೇ ನಾವು ಹಣ ಕೊಟ್ಟು ಕಟ್ಟಿದಂತೆ.

ನಮ್ಮಲ್ಲಿ ಏನೇನು ಸರಿಯಾಗಬೇಕು

ಮೊದಲನೆಯದು ಪೋರ್ಟ್‌ಲ್ಯಾಂಡ್ ಹೇಳಿಕೊಟ್ಟ ಕ್ರಮ. ಶಿವಮೊಗ್ಗಕ್ಕೆ ಬರುವುದು ಒಂದೇ ಹೆದ್ದಾರಿಯಲ್ಲ. ಚಿತ್ರದುರ್ಗದಿಂದ ಬಂದು ತೀರ್ಥಹಳ್ಳಿ ಮೇಲೆ ಮಂಗಳೂರಿಗೆ ಹೋಗುವ ಹೆದ್ದಾರಿಯೂ ಇಲ್ಲೇ ಕೂಡುತ್ತದೆ. ಸವಳಂಗ ರಸ್ತೆ, ಹೊಳೆಹೊನ್ನೂರು ರಸ್ತೆ ಸೇರುವುದೂ ಇಲ್ಲೇ. ಬೆಂಗಳೂರು–ಹೊನ್ನಾವರದ ವಾಹನಕ್ಕೆ ಮಾತ್ರ ಹೊರದಾರಿ ಕೊಟ್ಟು, ಚಿತ್ರದುರ್ಗ–ಮಂಗಳೂರು ಲಾರಿಯನ್ನು ಪೇಟೆಯೊಳಗೇ ಬಿಟ್ಟರೆ ಕೆಲಸ ಅರ್ಧ. ಇದರ ಜೊತೆ ತುಂಗೆ ಬೇರೆ ನಡುವೆ ಇದ್ದಾಳೆ. ಹೊಳೆ ದಾಟುವ ಸೇತುವೆಗಳು ಕೆಲವೇ ಇರುವಾಗ ಎಲ್ಲ ದಾರಿಗಳೂ ಅಲ್ಲಿಗೇ ಬಂದು ಸೇರುತ್ತವೆ. ವರ್ತುಲ ಪೂರ್ತಿಯಾಗದೆ ಬಿ.ಎಚ್. ರಸ್ತೆಯನ್ನು ಕಿರಿದು ಮಾಡಲು ಹೊರಟರೆ ಜನ ಬೈಯುತ್ತಾರೆ, ಬೈಯುವುದು ಸರಿಯೂ ಹೌದು.

ಎರಡನೆಯದು ಕಾಗದದ ಕೆಲಸ, ಇದನ್ನು ಜನ ಗಮನಿಸುವುದೇ ಇಲ್ಲ. ಬೈಪಾಸ್ ಆದ ಮೇಲೆ ಊರೊಳಗಿನ ಹಳೆಯ ತುಂಡನ್ನು ಒಂದು ಸಲ ರಿಪೇರಿ ಮಾಡಿಕೊಟ್ಟು ರಾಜ್ಯಕ್ಕೋ ಸ್ಥಳೀಯ ಸಂಸ್ಥೆಗೋ ಒಪ್ಪಿಸುವ ಪದ್ಧತಿ ನಮ್ಮಲ್ಲಿದೆ. ಈ ಹೆಸರು ಬದಲಾವಣೆ ಬೇಗ ಆಗಬಲ್ಲದು. ಹೆದ್ದಾರಿಯ 500 ಮೀಟರ್ ಒಳಗೆ ಮದ್ಯದಂಗಡಿ ಬೇಡ ಅಂತ 2016ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದಾಗ, ಹಲವು ರಾಜ್ಯಗಳು ಊರೊಳಗಿನ ಹೆದ್ದಾರಿಗಳನ್ನು ತಿಂಗಳುಗಳಲ್ಲೇ ಸ್ಥಳೀಯ ರಸ್ತೆ ಅಂತ ಘೋಷಿಸಿದವು. ಆದರೆ ಕಾಗದದಲ್ಲಿ ಬೀದಿಯಾದ ಆ ರಸ್ತೆಗಳು ನೆಲದ ಮೇಲೆ ಹೆದ್ದಾರಿಗಳಾಗಿಯೇ ಉಳಿದವು. ಅದೇ ಅಗಲ, ಅದೇ ವೇಗ.

ನೆಲದ ಮೇಲೆ ಬದಲಾಗಬೇಕಾದ್ದು ಅಗಲ. ಹೆದ್ದಾರಿಯ ಒಂದು ಪಥಕ್ಕೆ 3.5 ಮೀಟರ್ ಬೇಕು, ಅದು ವೇಗದ ಲೆಕ್ಕ. ಪೇಟೆಯ ನಿಧಾನದ ಬೀದಿಗೆ ಮೂರು ಮೀಟರ್ ಚಿಲ್ಲರೆ ಸಾಕು. ನಾಲ್ಕು ಪಥದಲ್ಲಿ ಹೀಗೆ ಉಳಿಸಿದರೆ ಒಂದೂವರೆ ಎರಡು ಮೀಟರ್ ಸಿಗುತ್ತದೆ. ನಮ್ಮ ದೇಶದ ರಸ್ತೆ ಮಾನದಂಡದ ಪ್ರಕಾರ ಫುಟ್‌ಪಾತ್‌ಗೆ ಕನಿಷ್ಠ 1.8 ಮೀಟರ್ ಅಡ್ಡಿಯಿಲ್ಲದ ಜಾಗ ಬೇಕು. ಅಂದರೆ ಒಂದು ಪಥವನ್ನೂ ಕಳೆದುಕೊಳ್ಳದೆ ಒಂದು ಬದಿಯ ಫುಟ್‌ಪಾತ್ ಹುಟ್ಟುತ್ತದೆ. ಒಂದು ಪಥ ಬಿಟ್ಟುಕೊಟ್ಟರೆ ಎರಡೂ ಬದಿಗೆ ಮರ, ಬಸ್ಸಿಗೆ ಸರಿಯಾದ ನಿಲ್ದಾಣ, ತಳ್ಳುಗಾಡಿಗೆ ಗೊತ್ತಾದ ಜಾಗ ಎಲ್ಲ ಆಗುತ್ತದೆ. ಆಂಬುಲೆನ್ಸ್‌ಗೆ ತೊಂದರೆಯಾಗದಂತೆ ಮೆಗ್ಗಾನ್ ಕಡೆಗೆ ಬಸ್ಸು–ಆಂಬುಲೆನ್ಸ್ ಪಥ ಬಿಡಬಹುದು. ಜಾಮ್‌ನಲ್ಲಿ ಸಿಕ್ಕಿಕೊಂಡ ಆಂಬುಲೆನ್ಸ್‌ಗೆ ಈಗಿರುವ ಅಗಲದಿಂದ ಏನೂ ಉಪಯೋಗವಿಲ್ಲ.

ಮಳೆ ನೀರಿಗೂ ಈ ಜಾಗ ಬೇಕು. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿದ್ದನ್ನು ಇಲ್ಲಿಯವರು ಮರೆತಿಲ್ಲ. ಹೊಳೆ ಉಕ್ಕುವುದನ್ನು ರಸ್ತೆ ತಡೆಯುವುದಿಲ್ಲ. ಆದರೆ ಡಾಂಬರಿನ ಮೇಲೆ ಬಿದ್ದ ಮಳೆಯೆಲ್ಲ ಒಂದೇ ಸಲ ಚರಂಡಿಗೆ ಓಡುತ್ತದೆ. ಮರದ ಬುಡದಲ್ಲಿ, ತೆರೆದ ಮಣ್ಣಿನಲ್ಲಿ ಒಂದಿಷ್ಟು ಇಂಗುತ್ತದೆ. ಮಲೆನಾಡಿನ ಬೀದಿಗೆ ಇದು ಅಲಂಕಾರವಲ್ಲ.

ಸಿಕ್ಕಿದ ನೆಲ ಯಾರದ್ದು?

ಕೊನೆಗೆ ಕಷ್ಟದ ವಿಷಯ. ಹೆದ್ದಾರಿ ಹೋಗಿ ಚೆಂದದ ಬೀದಿ ಬಂದರೆ ಅಕ್ಕಪಕ್ಕದ ಬೆಲೆ ಏರುತ್ತದೆ, ಎಲ್ಲ ಕಡೆ ಏರಿದೆ. ಸ್ವಂತ ಕಟ್ಟಡ ಇದ್ದವರಿಗೆ ಲಾಭ. ಬಾಡಿಗೆ ಅಂಗಡಿಯವರಿಗೆ, ಮೆಕ್ಯಾನಿಕ್‌ಗಳಿಗೆ, ಚಿಕ್ಕ ಹೋಟೆಲ್‌ಗಳಿಗೆ ಅದೇ ಏರಿಕೆ ಕುತ್ತು. ಲಾರಿಯವರನ್ನೇ ನಂಬಿದ್ದ ಊಟದ ಹೋಟೆಲ್‌ಗೆ, ಪಂಕ್ಚರ್ ಅಂಗಡಿಗೆ ಬೈಪಾಸ್ ಬಂದ ದಿನವೇ ಗಿರಾಕಿ ಹೋಗುತ್ತಾನೆ. ಪಾಲಿಕೆ ಇವರನ್ನು ಮೊದಲೇ ಗುರುತಿಸಿ, ಬೈಪಾಸ್ ಪಕ್ಕದಲ್ಲೇ ಜಾಗ ಕೊಡುವ ಮಾತನ್ನಾದರೂ ಆಡಬೇಕು.

ಬೀದಿ ವ್ಯಾಪಾರಿಗಳಿಗೆ ಕಾನೂನಿನ ಬೆಂಬಲ ಇದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಮೊದಲು ಸಮೀಕ್ಷೆ ಆಗಬೇಕು, ಅದು ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಊರಿನ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ ನಲವತ್ತಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ವ್ಯಾಪಾರಿಗಳೇ ಆರಿಸಿದವರಾಗಿರಬೇಕು. ಸಿಯೋಲ್ ಮಾಡಿದ್ದನ್ನು ಇಲ್ಲಿ ಮಾಡದಿರಲು ಹೊಸ ನಿಯಮ ಬೇಕಿಲ್ಲ. ಇರುವ ಸಮಿತಿಯ ಮುಂದೆ ರಸ್ತೆಯ ನಕ್ಷೆ ಇಟ್ಟರೆ ಸಾಕು.

ಸಾರ್ವಜನಿಕ ನೆಲವನ್ನು ಸಾರ್ವಜನಿಕವಾಗಿಯೇ ಉಳಿಸಿಕೊಂಡ ಅನುಭವ ಶಿವಮೊಗ್ಗಕ್ಕಿದೆ. ಜೈಲು ಸೋಗಾನೆಗೆ ಹೋದ ಮೇಲೆ ಪೇಟೆ ನಡುವಿನ ಹಳೆ ಜೈಲಿನ ಜಾಗ ಫ್ರೀಡಂ ಪಾರ್ಕ್ ಆಯಿತು. ಇವತ್ತು ದಸರೆಯಿಂದ ಹಿಡಿದು ಬೆಳಗಿನ ವಾಕಿಂಗ್‌ವರೆಗೆ ಎಲ್ಲಕ್ಕೂ ಅದೇ ಜಾಗ. ರಸ್ತೆಯ ಪಟ್ಟಿ ಜೈಲಿನ ಹಾಗೆ ಒಂದೇ ಕಡೆ ಸಿಗುವ ನೆಲವಲ್ಲ, ಉದ್ದಕ್ಕೆ ಚೂರು ಚೂರಾಗಿ ಸಿಗುತ್ತದೆ. ಅದನ್ನು ಯಾರೂ ಕಾಯುವುದಿಲ್ಲ. ಆರು ತಿಂಗಳು ಬಿಟ್ಟರೆ ಪಾರ್ಕಿಂಗ್ ಆಗುತ್ತದೆ, ಒಂದು ವರ್ಷ ಬಿಟ್ಟರೆ ಅಂಗಡಿಯ ಮುಂಗಟ್ಟು ಆಗುತ್ತದೆ. ಆಮೇಲೆ ತೆಗೆಯಲು ಹೋದರೆ ಜಗಳ.

ಆದ್ದರಿಂದ ಸಮಯ ಯಾವುದು ಅನ್ನುವುದು ಮುಖ್ಯ. ಹಳೆಯ ಹೆದ್ದಾರಿಯನ್ನು ಒಪ್ಪಿಸುವಾಗ ಮಾಡುವ ಆ ಒಂದು ಸಲದ ರಿಪೇರಿ ಸಾಮಾನ್ಯವಾಗಿ ಹೊಸ ಡಾಂಬರಿನಲ್ಲಿ ಮುಗಿದುಹೋಗುತ್ತದೆ. ಅದೇ ಹಣದಲ್ಲಿ ಫುಟ್‌ಪಾತ್ ಅಂಚು, ಚರಂಡಿ, ರಸ್ತೆ ದಾಟುವ ಜಾಗ, ಗಿಡದ ಗುಂಡಿ ಸೇರಿಸಿ ಅಂತ ಕೇಳಬಹುದು. ಕೇಳಬೇಕಾದರೆ ಒಪ್ಪಿಸುವ ಮೊದಲೇ ಪಾಲಿಕೆಯ ಕೈಯಲ್ಲಿ ನಕ್ಷೆ ಇರಬೇಕು. ಅಶೋಕ ಸರ್ಕಲ್ಲಿನಿಂದ ಹೊಳೆಯವರೆಗೆ ಎಲ್ಲಿ ಎಷ್ಟು ಅಗಲ ಇದೆ, ಯಾವ ಗಂಟೆಯಲ್ಲಿ ಎಷ್ಟು ಲಾರಿ, ಎಷ್ಟು ಬಸ್ಸು, ಎಷ್ಟು ಜನ ನಡೆದು ಹೋಗುತ್ತಾರೆ, ಎಲ್ಲಿ ದಾಟುತ್ತಾರೆ ಅಂತ ಎಣಿಸಿ ಬರೆದ ನಕ್ಷೆ. ಊರಿನ ಇಂಜಿನಿಯರಿಂಗ್ ಕಾಲೇಜಿನ ಹುಡುಗ ಹುಡುಗಿಯರು ಒಂದು ಸೆಮಿಸ್ಟರ್‌ನಲ್ಲಿ ಮಾಡಿಕೊಡಬಹುದಾದ ಕೆಲಸ ಇದು. ಬೈಪಾಸಿನ ಮೇಲೆ ಲಾರಿ ಓಡುವ ಮೊದಲೇ ಶುರುವಾಗಬೇಕು.